ಸೊಂಟಕ್ಕ ಕಟ್ಕೊಂಡು ಅಡ್ಡಾಡೋ (ಕ್ಯಾರಿ) ಪಿಸ್ತೂಲಿಗೆ ಸ್ಟೀಲ್ ಫ್ರೇಮ್ ಛಲೋನೋ, ಅಲ್ಯೂಮಿನಿಯಂ ಫ್ರೇಮ್ ಛಲೋನೋ?

ನಿಮ್ಮ ಪ್ರಶ್ನಿ ಇಷ್ಟು ಅಂತ ತಿಳ್ಕೊಂಡೀನಿ ಸರ್: .32 (ಗೋಲಿ ಅಳತಿ) ಪಿಸ್ತೂಲಿಗೆ ಲೈಸೆನ್ಸ್ ಬಂದದ, ಕಲಬುರಗಿ ನೆಹರೂ ಗಂಜ್‌ನಾಗ ತೊಗರಿ ವ್ಯಾಪಾರ, ಸಂಜಿಗೆ ರೊಕ್ಕ ತಗೊಂಡು ಓಡಾಡೋದು ಇರ್ತದ. ಎರಡು ಹಳೇ ಫಾರಿನ್ ಪಿಸ್ತೂಲ್ ನೋಡಿಟ್ಟೀರಿ, ಒಂದು ವಾಲ್ಥರ್ ಪಿಪಿ ಸ್ಟೀಲ್ ಫ್ರೇಮಿಂದು, ಇನ್ನೊಂದು ಬೆರೆಟಾ 81 ಅಲ್ಯೂಮಿನಿಯಂ ಫ್ರೇಮಿಂದು (ಫ್ರೇಮ್ ಅಂದ್ರ ಹಿಡಿ ಇರೋ ಕೆಳಗಿನ ಭಾಗ). ಯಾರೋ ನಿಮಗ ಸ್ಟೀಲ್ ತಗೊಂಡ್ರ ಮೊಮ್ಮಕ್ಕಳ ತನಕ ಬರ್ತದ, ಅಲ್ಯೂಮಿನಿಯಂ ಅಂದ್ರ ಸವದು ಹೋಗ್ತದ ಅಂತ ಹೇಳ್ಯಾರ.

ನಾ ಫೌಜಿನಾಗ ಇಎಂಇ (ಫೌಜಿನ ರಿಪೇರಿ ವಿಭಾಗ) ಒಳಗ ಆರ್ಮರರ್ ಇದ್ದೆ, ಹತಿಯಾರ್ ಬಿಚ್ಚೋದು ರಿಪೇರಿ ಮಾಡೋದೇ ಕೆಲಸ, ಈಗ ರಿಟೈರ್ ಆಗಿ ಇಲ್ಲೇ ಕಲಬುರಗಿಯೊಳಗ ಇದೀನಿ. ನನ್ನ ಉತ್ತರ ಮೊದಲೇ ಹೇಳ್ತೀನಿ, .32 ಒಳಗ ಫ್ರೇಮ್ ಯಾವ ಲೋಹ ಅನ್ನೋದು ನೀವು ತಿಳ್ಕೊಂಡಷ್ಟು ದೊಡ್ಡ ವಿಷಯ ಅಲ್ಲ, ಆ ಪಿಸ್ತೂಲ್ ಈಗ ಯಾವ ಕಂಡೀಷನ್‌ನಾಗ ಅದ ಅನ್ನೋದೇ ದೊಡ್ಡದು. ಬೆರೆಟಾದ ರೇಲ್ (ಫ್ರೇಮ್ ಮ್ಯಾಲ ಸ್ಲೈಡ್, ಅಂದ್ರ ಹಿಂದಮುಂದ ಓಡೋ ಮ್ಯಾಲಿನ ಭಾಗ, ಜಾರೋ ಪಟ್ಟಿ) ಛಲೋ ಇದ್ರ ಕಣ್ಮುಚ್ಚಿ ಅದನ್ನೇ ತಗೋರಿ.

ಸವೀತದ ಅನ್ನೋ ಮಾತು ಸುಳ್ಳಲ್ಲ, ಖರೇನೇ ಅದ, ಆದ್ರ ಅದು ನಿಮಗ ಸಂಬಂಧ ಇಲ್ಲ. ತಂತಿ ಹಿಂದಮುಂದ ಬಗ್ಗಿಸಿದಂಗ ಬಗ್ಗಿಸಿದಂಗ ಒಂದು ದಿನ ಮುರೀತದಲ್ಲ, ಹಂಗ ಪ್ರತಿ ಗೋಲಿಗೂ ಫ್ರೇಮಿಗೆ ಒಂದೊಂದು ಪೆಟ್ಟು ಬೀಳ್ತದ. ಸ್ಟೀಲಿಗೆ ಒಂದು ಮಿತಿ ಅದ, ಪೆಟ್ಟು ಆ ಮಿತಿಗಿಂತ ಕಡಿಮಿ ಇದ್ರ ಎಷ್ಟು ಸಲ ಬಿದ್ರೂ ಅದು ದಣಿಯಂಗಿಲ್ಲ, ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಸಣ್ಣ ಪೆಟ್ಟಾದ್ರೂ ಲೆಕ್ಕಕ್ಕ ಬರ್ತಾ ಹೋಗ್ತದ. ಆದ್ರ ಆ ಲೆಕ್ಕ ತುಂಬಾಕ ಸಾವಿರಗಟ್ಟಲೆ ರೌಂಡ್ ಹೊಡೀಬೇಕು. ಅಮೆರಿಕಾದವ್ರ ವಿಡಿಯೋದಾಗ ಹೇಳೋದು .45 ಮತ್ತ 9 ಎಂಎಂ ದಿನಾ ರೇಂಜಿಗೆ ಹೋಗಿ ಹೊಡೆಯೋರ ಕಥಿ. ನಮ್ಮಲ್ಲಿ 9 ಎಂಎಂ ಪ್ರೊಹಿಬಿಟೆಡ್ ಬೋರ್, ಅಂದ್ರ ಸಾಮಾನ್ಯ ಮಂದಿಗೆ ನಿಷೇಧ ಇರೋ ಅಳತಿ, ಸಿಗಂಗೇ ಇಲ್ಲ, .32ಗೂ ವರ್ಷಕ್ಕ ಎಷ್ಟು ರೌಂಡ್ ತಗೋಬಹುದು ಅಂತ ಲೈಸೆನ್ಸಿನಾಗೇ ಬರ್ದಿರ್ತದ. ಮತ್ತ .32 ಗೋಲಿ ತೂಕ ಸುಮಾರು 4.6 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 275 ಮೀಟರ್, 9 ಎಂಎಂ ಗೋಲಿ 7.5 ಗ್ರಾಂ, 350 ಮೀಟರಿನ ಆಜೂಬಾಜೂ, ಅಂದ್ರ ಹಿಂದಕ್ಕ ದಬ್ಬೋ ಜೋರು .32 ಒಳಗ ಅರ್ಧದಷ್ಟೇ. ಬೆರೆಟಾ ಕಂಪನಿಯವ್ರೇ ಅಲ್ಯೂಮಿನಿಯಂ ಫ್ರೇಮ್ ಹಾಕಿ 9 ಎಂಎಂನ 92 ಅನ್ನೋ ಪಿಸ್ತೂಲ್ ಮಾಡ್ಯಾರ, 1985ರಾಗ ಅಮೆರಿಕಾ ಫೌಜು ಅದನ್ನೇ ಎಂ9 ಅಂತ ತಗೊಂಡು ಮೂವತ್ತು ವರ್ಷದ ಮ್ಯಾಲ ನಡಿಸ್ಯಾರ. 9 ಎಂಎಂ ತಡಕೊಂಡ ಲೋಹ .32 ತಡಕೊಳ್ಳಂಗಿಲ್ಲೇನ್ರಿ?

ಇನ್ನ ತೂಕ. ಅಲ್ಯೂಮಿನಿಯಂ ಸ್ಟೀಲಿನ ಮೂರನೇ ಒಂದು ಭಾಗದಷ್ಟೇ ತೂಕ, ಅದು ಎಲ್ಲಾರಿಗೂ ಗೊತ್ತು. ಒಂದೇ ಅಳತಿ ಪಿಸ್ತೂಲಿನಾಗ ಇದು ಎದ್ದು ಕಾಣ್ತದ, ಕೋಲ್ಟ್ ಕಮಾಂಡರ್ .45 ಅಲ್ಯೂಮಿನಿಯಂದು ಸುಮಾರು 770 ಗ್ರಾಂ, ಅದೇ ಅಳತಿದು ಸ್ಟೀಲಿಂದು ಹೆಚ್ಚೂಕಡಿಮಿ 1 ಕೆಜಿ. ಆದ್ರ ನಿಮ್ಮ ಎರಡು ಪಿಸ್ತೂಲ್ ತಕ್ಕಡಿ ಮ್ಯಾಲ ಇಟ್ಟು ನೋಡ್ರಿ, ಎರಡೂ ಖಾಲಿ ಇದ್ದಾಗ 650ರಿಂದ 700 ಗ್ರಾಂ ಒಳಗೇ ಬರ್ತಾವ! ಯಾಕಂದ್ರ ಪಿಪಿ 1929ರ ಡಿಸೈನ್, ಸಣ್ಣದು, ಮ್ಯಾಗಜೀನಿನಾಗ 8 ರೌಂಡ್. ಬೆರೆಟಾ 81 ಬಂದಿದ್ದು 1976ರ ಸುಮಾರು, ಡಬಲ್ ಸ್ಟ್ಯಾಕ್ (ಗೋಲಿ ಎರಡು ಸಾಲಿನಾಗ ಕೂಡೋ) ಮ್ಯಾಗಜೀನ್, 12 ರೌಂಡ್, ಹಿಡಿ ದಪ್ಪ. ಅಂದ್ರ ಅಲ್ಯೂಮಿನಿಯಂ ಹಾಕಿದ್ದಕ್ಕ ಬೆರೆಟಾದಾಗ ಹಗೂರಾಗಿಲ್ಲ, ಅಷ್ಟೇ ತೂಕಕ್ಕ 4 ರೌಂಡ್ ಹೆಚ್ಚಿಗಿ ಸಿಕ್ಕದ. ಹೆಸರು ನೋಡಿ ಇದು ಹಗೂರ ಇರ್ತದ ಅನ್ಕೋಬ್ಯಾಡ್ರಿ, ಮ್ಯಾಗಜೀನ್ ತುಂಬಿಸಿ ತೂಗಿ, ಹೋಲ್ಸ್ಟರಿನಾಗ ಹಾಕಿ ಬೆಲ್ಟಿಗೆ ಕಟ್ಟಿ ಅಂಗಡಿಯೊಳಗ ಕುಂತು ಎದ್ದು ನೋಡ್ರಿ. ನೀವು ಸಣಕಲ ಇದ್ದು ಮ್ಯಾಲ ತೆಳು ಶರ್ಟ್ ಹಾಕೋರಿದ್ರ ಬೆರೆಟಾ ಉಬ್ಬಿ ಕಾಣ್ತದ, ಪಿಪಿ ಅಡಗತದ, ಈ ಒಂದು ವಿಷಯಕ್ಕ ನೀವು ಪಿಪಿ ತಗೊಂಡ್ರ ನಾ ಬ್ಯಾಡ ಅನ್ನಂಗಿಲ್ಲ.

ನಮ್ಮ ಕಡಿ ಖರೇ ದುಷ್ಮನ್ ಅಂದ್ರ ಬೆವರು. ಮೇ ತಿಂಗಳ ಬಿಸಿಲಾಗ ಸೊಂಟಕ್ಕ ಕಟ್ಕೊಂಡು ಗಂಜ್‌ನಾಗ ಅಡ್ಡಾಡಿದ್ರ ಸಂಜಿಗೆ ಬನಿಯನ್ ಮ್ಯಾಲ ಉಪ್ಪಿನ ಬಿಳಿ ಗೆರಿ ಮೂಡಿರ್ತಾವ, ಅದೇ ಉಪ್ಪು ಪಿಸ್ತೂಲ್ ಮ್ಯಾಲೂ ಕುಂತಿರ್ತದ. ಅಲ್ಯೂಮಿನಿಯಂ ಜಂಗ್ ಹಿಡಿಯಂಗಿಲ್ಲ ಅಂತ ಕೆಲವ್ರು ನಿಶ್ಚಿಂತಿ ಇರ್ತಾರ, ಅದು ಬರೋಬರಿ ಅಲ್ಲ, ಫ್ರೇಮ್ ಅಷ್ಟೇ ಅಲ್ಯೂಮಿನಿಯಂ, ಸ್ಲೈಡ್, ಬ್ಯಾರೆಲ್, ಸ್ಪ್ರಿಂಗ್, ಪಿನ್, ಗ್ರಿಪ್ಪಿನ ಸ್ಕ್ರೂ ಎಲ್ಲಾ ಸ್ಟೀಲೇ, ಅವಕ್ಕ ಜಂಗ್ ಹಿಡ್ದೇ ಹಿಡೀತದ. ಹಂಗಾಗಿ ಯಾವ್ದು ತಗೊಂಡ್ರೂ ರಾತ್ರಿ ಮನಿಗೆ ಬಂದು ಮ್ಯಾಗಜೀನ್ ತಗ್ದು, ಚೇಂಬರ್ (ಬ್ಯಾರೆಲಿನಾಗ ಗೋಲಿ ಕೂಡೋ ಜಾಗ) ಖಾಲಿ ಅದ ಅಂತ ಕಣ್ಣಿಲೇ ನೋಡಿ ಬೆರಳು ಹಾಕಿ ಖಾತ್ರಿ ಮಾಡ್ಕೊಂಡು, ಒಣ ಅರಿವಿಲೇ ಒರಸಿ, ಎಣ್ಣಿ ಹಚ್ಚಿದ ಅರಿವಿಲೇ ಮತ್ತ ಒಂದ್ಸಲ ಒರಸ್ರಿ. ಚರ್ಮದ ಹೋಲ್ಸ್ಟರಿನಾಗೇ ಇಟ್ಟು ಕಪಾಟಿನಾಗ ಬೀಗ ಹಾಕೋ ಚಾಳಿ ಭಾಳ ಮಂದಿಗದ, ಚರ್ಮ ಬೆವರು ಹೀರ್ಕೊಂಡಿರ್ತದ, ಹದ ಮಾಡಾಕ ಹಾಕಿದ ರಾಸಾಯನಿಕನೂ ಅದರಾಗ ಇರ್ತದ, ಒಂದು ಮಳಿಗಾಲದಾಗ ಸ್ಲೈಡಿನ ಮ್ಯಾಲ ಚುಕ್ಕಿ ಚುಕ್ಕಿ ಜಂಗ್ ಬರ್ತದ. ಬಿಚ್ಚಿ ಬ್ಯಾರೆ ಇಡ್ರಿ.

ಇದೊಂದು ದಯವಿಟ್ಟು ನೆನಪಿಡ್ರಿ. ಹಳೇ ಪಿಸ್ತೂಲ್ ಬಣ್ಣ ಹೋಗ್ಯಾದ ಅಂತ ಮತ್ತ ಬ್ಲೂಯಿಂಗ್ ಮಾಡಿಸ್ತಾರಲ್ಲ, ಆ ಬಿಸಿ ಬ್ಲೂಯಿಂಗ್ ಟಾಕಿಯೊಳಗ ಕಾಸ್ಟಿಕ್ ಇರ್ತದ, ಸ್ಟೀಲಿಗೆ ಏನೂ ಆಗಂಗಿಲ್ಲ, ಅಲ್ಯೂಮಿನಿಯಂ ಫ್ರೇಮ್ ಅದರಾಗ ಮುಳುಗಿಸಿದ್ರ ನೊರಿ ಬಂದು ಕರಗಾಕ ಶುರುವಾಗ್ತದ, ಹೊರಗ ತೆಗೆಯೋದ್ರಾಗ ಫ್ರೇಮ್ ಹಾಳು. ಅಲ್ಯೂಮಿನಿಯಂ ಮ್ಯಾಲಿನ ಕಪ್ಪು ಬ್ಲೂಯಿಂಗ್ ಅಲ್ಲ, ಆನೊಡೈಜಿಂಗ್, ಅದರ ಕೆಲಸಾನೇ ಬ್ಯಾರೆ. ಬೆರೆಟಾ ತಗೊಂಡ್ರ ಮಿಸ್ತ್ರಿಗೆ ಸ್ಲೈಡ್ ಅಷ್ಟೇ ಕೊಡ್ರಿ, ಫ್ರೇಮ್ ಕೊಡಬ್ಯಾಡ್ರಿ.

ಈಗ ನೋಡೋದು ಹ್ಯಾಂಗ ಅಂದ್ರ, ಅಂಗಡಿಯವ್ರ ಎದುರಿಗೇ ಸ್ಲೈಡ್ ಬಿಚ್ಚಿಸ್ರಿ, ಫ್ರೇಮ್ ಕೈಯಾಗ ತಗೊಂಡು ಬಾಗಲ ಬೆಳಕಿಗೆ ಹೋಗ್ರಿ. ಸ್ಲೈಡ್ ಓಡಾಡೋ ರೇಲ್ ಮ್ಯಾಲ ಕಪ್ಪು ಹೋಗಿ ಬೆಳ್ಳಿಯಂಗ ಹೊಳೀತಿರ್ತದ, ಅದಕ್ಕ ಹೆದರಬ್ಯಾಡ್ರಿ, ಎರಡೂ ಕಡಿ ಒಂದೇ ಸಮ ಹೊಳದು ಉಗುರು ಎಳದ್ರ ನುಣ್ಣಗ ಹೋದ್ರ ಅದು ಸಹಜ ಸವಕಳಿ. ಉಗುರು ತಡೀತು, ಗೀರು ಆಳಕ್ಕ ಇಳದಾವ, ಒಂದೇ ಕಡಿ ಹೆಚ್ಚಿಗಿ ತಿಂದದ ಅಂದ್ರ ಬಿಟ್ಟುಬಿಡ್ರಿ. ಆಮ್ಯಾಲ ಸ್ಲೈಡ್ ಹಿಂದಕ್ಕ ಬಂದು ಬಡಿಯೋ ಜಾಗ, ಪಿನ್ ಹೋಗೋ ತೂತುಗಳ ಸುತ್ತ, ಕೂದಲೆಳಿಯಷ್ಟು ಬಿರುಕು ಅದೇನು ಅಂತ ಟಾರ್ಚ್ ಹಾಕಿ ನೋಡ್ರಿ. ಈ .32 ಎರಡೂ ಬ್ಲೋಬ್ಯಾಕ್, ಅಂದ್ರ ಲಾಕ್ ಗೀಕ್ ಏನಿಲ್ಲ, ಸ್ಲೈಡಿನ ತೂಕ ಮತ್ತ ರಿಕಾಯ್ಲ್ ಸ್ಪ್ರಿಂಗ್ ಇವೇ ಪೆಟ್ಟು ತಡಿಯೋದು, ಸ್ಪ್ರಿಂಗ್ ಸಡಿಲಾದ್ರ ಸ್ಲೈಡ್ ಫ್ರೇಮಿಗೆ ಜೋರಾಗಿ ಬಡೀತದ, ಸ್ಟೀಲ್ ತಡಕೊಳ್ತದ, ಅಲ್ಯೂಮಿನಿಯಂ ತಡಕೊಳ್ಳೋದು ಕಡಿಮಿ. ಹಂಗಾಗಿ ಬೆರೆಟಾ ತಗೊಂಡ್ರ ಮೊದಲನೇ ಖರ್ಚು ಹೊಸ ಸ್ಪ್ರಿಂಗ್, ಎರಡನೇದು ರೇಲಿಗೆ ಚೂರು ಗ್ರೀಸ್.

ಸ್ಟೀಲೇ ತಗೋರಿ ಅಂತ ನಾ ಯಾರಿಗೆ ಹೇಳ್ತೀನಿ ಅಂದ್ರ, ಮಿಲ್ಲಿನ ಗಲ್ಲಾ ಹತ್ರ ಇಲ್ಲಾ ಮನಿಯಾಗ ತಿಜೋರಿಯೊಳಗ ಇಡೋರಿಗೆ, ಒಂದೇ ಅಳತಿದ್ರಾಗ ಸ್ಟೀಲಿಂದು ಭಾರ, ಕೈಯಾಗ ಭಾರ ಇದ್ರ ನಿಶಾನಿ ಅಲುಗಾಡೋದು ಕಡಿಮಿ, ದಿನಾ ಹೊರೋ ಕಷ್ಟನೂ ಇಲ್ಲ.

ಬೆರೆಟಾದ ರೇಲಿಂದು ಹತ್ರದಿಂದ ಎರಡು ಫೋಟೋ ಹಾಕ್ರಿ, ಒಂದು ಎಡಗಡಿದು ಒಂದು ಬಲಗಡಿದು, ಪಿಸ್ತೂಲಿನ ನಂಬರ್ ಮ್ಯಾಲ ಬೆರಳಿಟ್ಟು ಮುಚ್ರಿ, ನೋಡಿ ಹೇಳ್ತೀನಿ.