ಜೊತೆಗೇ ಬೆಳೆದ ಅತ್ತೆ ಮಗನನ್ನು ಮನಸ್ಸು ಒಲ್ಲೆ ಎನ್ನುವುದೇಕೆ?

ಪ್ರಶ್ನೆ: ನನಗೆ 25 ವರ್ಷ. ಸೋದರತ್ತೆಯ ಮಗನನ್ನೇ ಮದುವೆಯಾಗು ಎಂದು ಮನೆಯಲ್ಲಿ ಹಟ. ನಾನು ಹುಟ್ಟಿದಾಗಿನಿಂದ ಹತ್ತು ವರ್ಷ ಅತ್ತೆ, ಅವರ ಮಗ ನಮ್ಮ ಮನೆಯಲ್ಲೇ ಇದ್ದರು. ಅವನು ಒಳ್ಳೆಯವನೇ, ಆದರೆ ಗಂಡ ಎಂದು ನೆನೆದರೆ ಮೈ ಮುದುಡುತ್ತದೆ. ನಮ್ಮಕ್ಕ ಬೇರೆ ಊರಿನ ಸೋದರಮಾವನ ಮಗನನ್ನು ಇಷ್ಟಪಟ್ಟೇ ಮದುವೆಯಾದಳು. ದೋಷ ನನ್ನಲ್ಲಿದೆಯೇ? ಮದುವೆಯಾದ ಮೇಲೆ ಸರಿಹೋಗುತ್ತದೆಯೇ?

ಉತ್ತರ: ದೋಷವೇನಿಲ್ಲ. ನಿಮಗೂ ಅಕ್ಕನಿಗೂ ಇರುವ ವ್ಯತ್ಯಾಸ ಒಂದೇ ಸೂರು. ಎಳವೆಯಲ್ಲಿ ಜೊತೆಗೆ ಬೆಳೆದವರ ನಡುವೆ ದೊಡ್ಡವರಾದ ಮೇಲೆ ಕಾಮಾಸಕ್ತಿ ಹುಟ್ಟುವುದು ಅಪರೂಪ ಎಂದು ಫಿನ್ಲೆಂಡಿನ ಮಾನವಶಾಸ್ತ್ರಜ್ಞ ಎಡ್ವರ್ಡ್ ವೆಸ್ಟರ್‌ಮಾರ್ಕ್ 1891ರಲ್ಲೇ ಬರೆದರು. ನಮ್ಮ ಪ್ರವೃತ್ತಿಗೆ ರಕ್ತವನ್ನು ಗುರುತಿಸುವ ಕಣ್ಣಿಲ್ಲ. ಅದು ನೋಡುವುದು ಯಾರ ಜೊತೆ ಉಂಡೆವು, ಮಲಗಿದೆವು, ಎಷ್ಟು ವರ್ಷ ಎಂಬುದನ್ನು.

ಇದಕ್ಕೆ ಗಟ್ಟಿ ಪುರಾವೆ ತೈವಾನಿನದು. ಅಲ್ಲಿ ಹೆಣ್ಣುಮಗುವನ್ನು ಎಳೆಯದರಲ್ಲೇ ತಂದು ಸಾಕಿ, ಮುಂದೆ ಮನೆಯ ಮಗನಿಗೇ ಮದುವೆ ಮಾಡುವ ‘ಸಿಂಪುವಾ’ ಪದ್ಧತಿಯಿತ್ತು. ಮಾನವಶಾಸ್ತ್ರಜ್ಞ ಆರ್ಥರ್ ವುಲ್ಫ್ ಅಲ್ಲಿನ ಜಪಾನೀ ಆಡಳಿತ ಕಾಲದ ಮನೆ ದಾಖಲೆಗಳನ್ನು ಜಾಲಾಡಿದರು. ಇತರ ಮದುವೆಗಳಿಗಿಂತ ಇಂಥವುಗಳಲ್ಲಿ ಮಕ್ಕಳು ಕಡಿಮೆ, ವಿಚ್ಛೇದನ ಹೆಚ್ಚು. ಹುಡುಗಿ ಮೂರು ವರ್ಷದೊಳಗೆ ಬಂದಿದ್ದರೆ ಪರಿಣಾಮ ಇನ್ನೂ ತೀವ್ರ. ಆ ಹುಡುಗ, ಹುಡುಗಿಗೆ ರಕ್ತಸಂಬಂಧವೇ ಇರಲಿಲ್ಲ ಎನ್ನುವುದನ್ನು ಗಮನಿಸಿ. ಹಾಗಾಗಿ ‘ತಾಳಿ ಬಿದ್ದ ಮೇಲೆ ಎಲ್ಲ ಸರಿಹೋಗುತ್ತೆ’ ಎಂಬ ಹಿರಿಯರ ಭರವಸೆ ನಿಮ್ಮಂಥವರ ವಿಷಯದಲ್ಲಿ ಸಾಲದು. ಹತ್ತು ವರ್ಷ ವಯಸ್ಸು ದಾಟಿದ ನಂತರ ಜೊತೆಯಾದವರ ಮಾತು ಬೇರೆ.

ಸಂಸ್ಕೃತಿಯ ಕೈವಾಡವೂ ಸಣ್ಣದಲ್ಲ. ಚಿಕ್ಕಪ್ಪನ ಮಗನೂ ಅತ್ತೆ ಮಗನೂ ನಿಮಗೆ ಸರಿಸಮ ಹತ್ತಿರದ ರಕ್ತ. ಒಬ್ಬನನ್ನು ಅಣ್ಣ ಎಂದು ರಾಖಿ ಕಟ್ಟಿಸುತ್ತೇವೆ, ಇನ್ನೊಬ್ಬನನ್ನು ತೋರಿಸಿ ‘ನಿನ್ನ ಗಂಡ ಬಂದ ನೋಡೇ’ ಎಂದು ತೊಟ್ಟಿಲಿನಿಂದಲೇ ಕಿಚಾಯಿಸುತ್ತೇವೆ. ದೂರದಲ್ಲಿದ್ದು ಹಬ್ಬಕ್ಕೆ ಬಂದುಹೋಗುವ ಹುಡುಗನ ಬಗ್ಗೆ ಆ ಕೀಟಲೆ ಮೆಲ್ಲಗೆ ಆಸೆಯಾಗಿ ಬೆಳೆಯಬಹುದು. ಅಕ್ಕನಿಗೆ ಆದದ್ದು ಅದೇ ಇರಬೇಕು.

ಧರ್ಮ ಗೆರೆ ಎಳೆಯುವುದು ಇನ್ನೊಂದು ಕಡೆ. ಗೋತ್ರ ತಂದೆಯ ಸಾಲಿನದಾದ್ದರಿಂದ ಅತ್ತೆ, ಮಾವನ ಮಕ್ಕಳು ಅದರಿಂದ ಪಾರು. ಹತ್ತಿರದ ಪೂರ್ವಜರು ಒಂದೇ ಆದವರ ಮದುವೆಯನ್ನು ತಡೆಯುವ ಸಪಿಂಡ ನಿಯಮಕ್ಕೆ ಮಾತ್ರ ಸಿಕ್ಕಿಬೀಳುತ್ತಾರೆ: 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ತಂದೆಯ ಕಡೆ ಐದು, ತಾಯಿಯ ಕಡೆ ಮೂರು ತಲೆಮಾರು, ನಿಮ್ಮನ್ನೇ ಮೊದಲನೆಯದೆಂದು ಎಣಿಸಿ. ಇಬ್ಬರ ಕಡೆಯೂ ರೂಢಿ ಇದ್ದರೆ ವಿನಾಯಿತಿ. ದಕ್ಷಿಣದ ಈ ರೂಢಿಯನ್ನು ಬೌಧಾಯನ ಧರ್ಮಸೂತ್ರವೇ ಗುರುತಿಸಿದೆ. ಇಸ್ಲಾಮಿನಲ್ಲಿ ಚಿಕ್ಕಪ್ಪನ ಮಕ್ಕಳೂ ಆಗಬಹುದು, ಸೋದರಮಾವ ಮಾತ್ರ ಕೂಡದು. ಜೊತೆಗೆ ಒಂದೇ ಎದೆಹಾಲು ಕುಡಿದವರು ಒಡಹುಟ್ಟಿದವರ ಸಮ. ನಮ್ಮ ಕರಾವಳಿಯ ಬ್ಯಾರಿಗಳು ಅನುಸರಿಸುವ ಶಾಫಿ ಪಂಥದಲ್ಲಿ ಎರಡು ವರ್ಷದೊಳಗೆ ಐದು ಸಲ ಕುಡಿದಿದ್ದರೆ ಮದುವೆ ನಿಷಿದ್ಧ. ವೆಸ್ಟರ್‌ಮಾರ್ಕ್ ಹೇಳಿದ್ದಕ್ಕೆ ಅತ್ಯಂತ ಹತ್ತಿರ ಬರುವ ಧಾರ್ಮಿಕ ನಿಯಮ ಇದೇ ಎನ್ನಬೇಕು.

ಈಗ ನೀವು ಮಾಡಬೇಕಾದದ್ದು. ಮೊದಲು ಆ ಹುಡುಗನೊಡನೆಯೇ ಮಾತಾಡಿ. ಅವನಿಗೂ ಹೀಗೇ ಅನಿಸುತ್ತಿರುವ ಸಂಭವ ಹೆಚ್ಚು. ಇಬ್ಬರೂ ಒಟ್ಟಿಗೆ ಬೇಡವೆಂದರೆ ಅತ್ತೆಯ ಮರ್ಯಾದೆಯ ಪ್ರಶ್ನೆ ಅರ್ಧ ಕರಗುತ್ತದೆ. ಜಾತಕದ ನೆಪ ಹೂಡಬೇಡಿ, ಅದಕ್ಕೆ ಶಾಂತಿ ಮಾಡಿಸಿ ಮತ್ತೆ ಶುರುಮಾಡುತ್ತಾರೆ.

ಪ್ರಶ್ನೆ: ಮಾವನ ಮಗಳನ್ನು ಮದುವೆಯಾಗುತ್ತಿದ್ದೇನೆ, ಇಬ್ಬರಿಗೂ ಒಪ್ಪಿಗೆ. ರಕ್ತದ ಗುಂಪು ಬೇರೆಯಿದೆ, ಸಾಕಲ್ಲವೇ?

ಉತ್ತರ: ಸಾಲದು. ಗುಂಪಿಗೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ವಂಶವಾಹಿಗಳಲ್ಲಿ ಸರಾಸರಿ ಎಂಟನೇ ಒಂದು ಭಾಗ ಸಮಾನ. ಸಾಮಾನ್ಯ ದಂಪತಿಯ ಮಗುವಿನಲ್ಲಿ ಗಂಭೀರ ಹುಟ್ಟುದೋಷದ ಸಾಧ್ಯತೆ ಶೇ. 2–3. ನಿಮಗೆ ಅದು ಹೆಚ್ಚುಕಡಿಮೆ ಇಮ್ಮಡಿ. ಮೂರು ತಲೆಮಾರಿನ ವಂಶವೃಕ್ಷ ಬರೆದು, ಎಳವೆಯಲ್ಲೇ ತೀರಿದ ಮಕ್ಕಳು, ಕಿವುಡು, ಬುದ್ಧಿಮಾಂದ್ಯ ಇವನ್ನು ಗುರುತಿಸಿ. ಹಿರಿಯರು ಮುಚ್ಚಿಡುವುದು ಇವನ್ನೇ. ಇಬ್ಬರೂ ಸಿಬಿಸಿ (ರಕ್ತಕಣಗಳ ಎಣಿಕೆ) ಜೊತೆಗೆ ಎಚ್‌ಬಿಎ2 (ಒಂದು ಬಗೆಯ ಹಿಮೋಗ್ಲೋಬಿನ್) ಪರೀಕ್ಷೆ ಮಾಡಿಸಿ. ಎಚ್‌ಬಿಎ2 ಶೇ. 3.5 ದಾಟಿದರೆ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರಾಗಿರಬಹುದು. ಕಬ್ಬಿಣದ ಕೊರತೆಯಿದ್ದರೆ ಅಂಕಿ ಸುಳ್ಳಾಗಿ ಕೆಳಗಿಳಿಯುತ್ತದೆ, ಕೊರತೆ ನೀಗಿಸಿ ಮತ್ತೊಮ್ಮೆ ನೋಡಿಸಿ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ಆಗ ಬಸಿರಿಗೆ ಮೊದಲೇ ಜೆನೆಟಿಕ್ ಕೌನ್ಸೆಲರ್ ಬಳಿ ಹೋಗಿ.