ಗದ್ದೆಯ ಕಳೆನಾಶಕಕ್ಕೆ ಗಮ್ ಬೆರೆಸಬೇಕಾ?

ಪ್ರಶ್ನೆ: ಪೊನ್ನಂಪೇಟೆ ಹತ್ತಿರ ನಮ್ಮದು ಎರಡು ಎಕರೆ ಭತ್ತದ ಗದ್ದೆ. ಹೋದ ವರ್ಷ ನಾಟಿಯಾಗಿ ಒಂದು ತಿಂಗಳ ಮೇಲೆ ಬಿಸ್‌ಪೈರಿಬ್ಯಾಕ್ ಸೋಡಿಯಂ ಅನ್ನುವ ಕಳೆನಾಶಕ ಹೊಡೆಸಿದೆವು. ಔಷಧಿ ಅಂಟಿಕೊಳ್ಳಲಿ ಅಂತ ಟ್ಯಾಂಕಿಗೆ ಒಂದು ಹಿಡಿ ಸೋಪಿನ ಪುಡಿ ಹಾಕಿದ್ದೆವು. ಆದರೂ ಅರ್ಧಕ್ಕರ್ಧ ಹುಲ್ಲು ಸಾಯಲಿಲ್ಲ. ಹೊರದೇಶದ ಸಕ್ಕರೆ ಬೀಟ್ ರೈತರು ಕಳೆನಾಶಕಕ್ಕೆ ಎಣ್ಣೆ ಬೆರೆಸುವ ವಿಡಿಯೊ ನೋಡಿದೆ. ನಾವೂ ಹಾಗೆ ಮಾಡಬಹುದಾ ಸರ್?

ಉತ್ತರ: ನಿಮ್ಮ ಮನೆ ಹಿಂದೆ ಕೆಸು ಇರುತ್ತದೆ, ಅಲ್ವಾ? ಅದರ ಎಲೆ ಮೇಲೆ ಒಂದು ಚಮಚ ನೀರು ಹಾಕಿ. ಮಣಿ ಮಣಿಯಾಗಿ ಉರುಳಿ ಕೆಳಗೆ ಬೀಳುತ್ತದೆ, ಎಲೆ ಒದ್ದೆಯೇ ಆಗುವುದಿಲ್ಲ. ಅದೇ ನೀರಿಗೆ ಒಂದೆರಡು ಹನಿ ಗಮ್, ಅಂದರೆ ಔಷಧಿ ಎಲೆ ಮೇಲೆ ಹರಡಿ ಅಂಟಲು ಬೆರೆಸುವ ದ್ರವ, ಹಾಕಿ ನೋಡಿ. ನೀರು ಎಲೆಗೆ ಹತ್ತಿಕೊಳ್ಳುತ್ತದೆ. ಗದ್ದೆಯ ಹುಲ್ಲಿಗೂ ಮೇಣದ ಪದರ ಇದೆ, ಮೇಲಾಗಿ ಅದರ ಎಲೆ ನೆಟ್ಟಗೆ ನಿಂತಿರುತ್ತದೆ. ಔಷಧಿ ಹನಿ ಅಲ್ಲಿ ನಿಂತು ಒಳಗೆ ಇಳಿಯುವಂತೆ ಮಾಡುವುದಷ್ಟೇ ಗಮ್ಮಿನ ಕೆಲಸ. ಗಮ್ ತಾನಾಗಿ ಕಳೆ ಕೊಲ್ಲುವುದಿಲ್ಲ.

ಸೋಪಿನ ಪುಡಿ ಬೇಡವೇ ಬೇಡ. ಬಟ್ಟೆ ಒಗೆಯಲು ಮಾಡಿದ ಪುಡಿ ಅದು. ಜಾಸ್ತಿ ನೊರೆ ಬಂದು ಟ್ಯಾಂಕಿನ ಅಳತೆ ತಪ್ಪುತ್ತದೆ. ಒಂದು ಹಿಡಿಯಲ್ಲಿ ಎಷ್ಟಿದೆ ಅಂತ ಯಾರಿಗೂ ಲೆಕ್ಕ ಸಿಗುವುದಿಲ್ಲ.

ಇನ್ನು ಬೀಟ್ ವಿಷಯ. ಆ ಬೆಳೆಯ ದೊಡ್ಡ ತಲೆನೋವು ನಮ್ಮ ಚಕ್ಕೋತ ಸೊಪ್ಪಿನ ಜಾತಿಯ ಗಿಡ. ಅದು ಬೀಟಿಗೆ ನೆಂಟ, ಹಾಗಾಗಿ ಒಂದನ್ನು ಉಳಿಸಿ ಇನ್ನೊಂದನ್ನು ಕೊಲ್ಲುವುದು ಸೂಕ್ಷ್ಮದ ಕೆಲಸ. ಅಮೆರಿಕದ ಉತ್ತರ ಡಕೋಟ ಕಡೆ ಇದಕ್ಕೊಂದು ದಾರಿ ಕಂಡುಕೊಂಡರು. ಕಳೆ ಎರಡೆಲೆಯ ಸಸಿಯಾಗಿರುವಾಗಲೇ ಬಹಳ ಕಡಿಮೆ ಔಷಧಿಗೆ ಸಂಸ್ಕರಿಸಿದ ಬೀಜದ ಎಣ್ಣೆ ಸೇರಿಸಿ, ಕೆಲವೇ ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಹೊಡೆಯುತ್ತಿದ್ದರು. ಬಿಸಿಲು ಜಾಸ್ತಿ ಇದ್ದರೆ ಅಲ್ಲೂ ಎಣ್ಣೆಯಿಂದ ಬೀಟಿನ ಎಲೆಯೇ ಸುಡುತ್ತಿತ್ತು. ಆ ಎಣ್ಣೆ ಆ ಔಷಧಿಗೆ, ಆ ಬೆಳೆಗೆ ಹೊಂದಿಸಿದ್ದು. ಅಡುಗೆ ಎಣ್ಣೆ ನೀರಿನಲ್ಲಿ ಬೆರೆಯುವುದೂ ಇಲ್ಲ. ಅದನ್ನು ಭತ್ತಕ್ಕೆ ಹಾಕಬೇಡಿ.

ಅವರಿಂದ ಕಲಿಯಬೇಕಾದ್ದು ಎಣ್ಣೆಯಲ್ಲ, ಹೊತ್ತು. ನಿಮಗೆ ಏಟು ಬಿದ್ದಿದ್ದೂ ಅಲ್ಲೇ ಅನ್ನಿಸುತ್ತದೆ. ನೀವು ಹೊಡೆಸಿದ ಬಿಸ್‌ಪೈರಿಬ್ಯಾಕನ್ನು ನಾಟಿಯಾದ 15ರಿಂದ 25 ದಿನದೊಳಗೆ, ಹುಲ್ಲಿಗೆ ಮೂರ್ನಾಲ್ಕು ಎಲೆ ಇರುವಾಗ ಹೊಡೆಯಬೇಕು. ತಿಂಗಳು ದಾಟಿ ಬುಡ ಗಟ್ಟಿಯಾದ ಹುಲ್ಲಿಗೆ ಯಾವ ಗಮ್ ಹಾಕಿದರೂ ಅಷ್ಟಕ್ಕಷ್ಟೇ. ಹಿಂದಿನ ದಿನ ಗದ್ದೆಯ ನೀರು ಬಸಿಯಿರಿ. ಕಳೆ ನೀರಲ್ಲಿ ಮುಳುಗಿದ್ದರೆ ಔಷಧಿ ತಾಗುವುದೆಲ್ಲಿ? ಎರಡು ಮೂರು ದಿನ ಬಿಟ್ಟು ಮತ್ತೆ ನೀರು ಕಟ್ಟಿ. ಡಬ್ಬಿ ಮೇಲೆ 10 ಎಸ್‌ಸಿ (ಶೇಕಡಾ 10ರ ದ್ರವ ರೂಪ) ಅಂತ ಇದ್ದರೆ ಎಕರೆಗೆ 80ರಿಂದ 100 ಮಿಲಿ ಸಾಕು.

ಗಮ್ ಕೊಳ್ಳುವ ಮೊದಲು ಔಷಧಿಯ ಲೇಬಲ್ ಓದಿ. ಕೆಲವು ಔಷಧಿಗೆ ಕಂಪನಿಯವರೇ ಸೇರಿಸಿರುತ್ತಾರೆ, ಕೆಲವಕ್ಕೆ ಬೇರೆ ಹಾಕಬೇಕು. ಜೇಕು ಮತ್ತು ಅಗಲ ಎಲೆಯ ಕಳೆಗೆ ಹೊಡೆಯುವ ಮೆಟ್‌ಸಲ್ಫ್ಯೂರಾನ್–ಕ್ಲೋರಿಮ್ಯುರಾನ್ ಪುಡಿಗೆ ನೂರು ಲೀಟರ್ ನೀರಿಗೆ 200 ಮಿಲಿ ಗಮ್ ಲೆಕ್ಕ. ಅಂದರೆ 16 ಲೀಟರ್ ಟ್ಯಾಂಕಿಗೆ 32 ಮಿಲಿ. ಸಿಲಿಕಾನ್ ಗಮ್ ಇನ್ನೂ ತೀಕ್ಷ್ಣ, ಅದು ಬಹಳ ಕಡಿಮೆ ಸಾಕು. ಅಳತೆ ಮೀರಿದರೆ ಔಷಧಿ ಎಲೆಯಿಂದ ಜಾರಿ ನೆಲ ಸೇರುತ್ತದೆ, ಪೈರೂ ಹಳದಿಯಾಗಬಹುದು. ಮೊದಲು ಅರ್ಧ ಟ್ಯಾಂಕ್ ನೀರು, ಆಮೇಲೆ ಔಷಧಿ, ಕೊನೆಗೆ ಗಮ್. ನೀರು ತಿಳಿಯಾಗಿರಲಿ.

ಜುಲೈ–ಆಗಸ್ಟಿನ ನಮ್ಮ ಮಳೆಗೆ ಗಮ್ ಕೊಡೆಯಾಗುತ್ತದೆ ಅಂತ ನಂಬಬೇಡಿ. ಕೆಲವು ಗಂಟೆಯಾದರೂ ಬಿಡುವು ಸಿಗುವ ದಿನ ನೋಡಿ. ಗಾಳಿ ಇದ್ದರೆ ಪಕ್ಕದ ಕಾಫಿ ಸಸಿಗೂ ಸಿಡಿಯುತ್ತದೆ. ಸಂದೇಹವಿದ್ದರೆ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಲೇಬಲ್ ತೆಗೆದುಕೊಂಡು ಹೋಗಿ ಕೇಳಿ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಟ್ಯಾಂಕನ್ನು ತೋಡಿನಲ್ಲಿ ತೊಳೆಯಬೇಡಿ. ಗಮ್ಮಿನ ನೀರು ಮೀನು, ಕಪ್ಪೆಮರಿಗಳಿಗೆ ಕೆಟ್ಟದ್ದು, ಎಷ್ಟೋ ಸಲ ಕಳೆನಾಶಕಕ್ಕಿಂತಲೂ. ತೊಳೆದ ನೀರನ್ನು ಔಷಧಿ ಹೊಡೆದ ಗದ್ದೆಯೊಳಗೇ ಸಿಂಪಡಿಸಿ ಮುಗಿಸಿ.