ಗಾಳಿಯಲ್ಲಿ ಇಂಗಾಲ ಜಾಸ್ತಿಯಾದರೆ ಗೊಬ್ಬರ ಕಮ್ಮಿ ಮಾಡಬಹುದಾ?

ಹೊಸನಗರದ ಸ್ನೇಹಿತರು ಎರಡು ಪ್ರಶ್ನೆ ಕೇಳಿದ್ದಾರೆ. ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗಿ ಗಿಡ ಚೆನ್ನಾಗಿ ಬೆಳೆಯುವುದಾದರೆ ಅಡಿಕೆಗೆ ಗೊಬ್ಬರ ಇಳಿಸಬಹುದಾ? ಯೂರಿಯಾದಿಂದ ಬೇರಿನ ಬ್ಯಾಕ್ಟೀರಿಯಾ ಸಾಯುತ್ತವಾ?

ಮೊದಲನೆಯದಕ್ಕೆ ನನ್ನ ಉತ್ತರ, ಬೇಡ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯಲ್ಲಿ ಈ ಅನಿಲ 10 ಲಕ್ಷಕ್ಕೆ 280 ಭಾಗ ಇತ್ತು, ಈಗ 420 ದಾಟಿದೆ. ಭತ್ತ, ಅಡಿಕೆಯಂಥ ಗಿಡಗಳು ಇದರಿಂದ ಜಾಸ್ತಿ ಸಕ್ಕರೆ ತಯಾರಿಸುತ್ತವೆ. (ಶಿಕಾರಿಪುರದ ಕಡೆ ಮೆಕ್ಕೆಜೋಳ ಹಾಕಿದವರು ಖುಷಿ ಪಡಬೇಡಿ, ಅದಕ್ಕೆ ಅಷ್ಟು ಲಾಭವಿಲ್ಲ.) ಆ ಸಕ್ಕರೆಯಲ್ಲಿ ಒಂದು ಪಾಲು ಬೇರಿನಿಂದ ಹೊರಗೆ ಒಸರುತ್ತದೆ. ಬೇರಿಗೆ ಅಂಟಿದ ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ತಿಂದು ಹೆಚ್ಚುತ್ತವೆ. ಹೆಚ್ಚಲು ಅವಕ್ಕೂ ಸಾರಜನಕ ಬೇಕಲ್ವಾ? ಮಣ್ಣಿನಲ್ಲಿ ಅದು ಕಮ್ಮಿ ಇದ್ದರೆ ಗಿಡಕ್ಕೇ ಕೊರತೆ.

ಇನ್ನು ಯೂರಿಯಾ. ಹದವಾಗಿ ಹಾಕಿದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಯಾವುದು ಹೆಚ್ಚುತ್ತದೆ ಅನ್ನುವುದು ಬದಲಾಗುತ್ತದೆ. ಒಮ್ಮೆಗೇ ಸುರಿದರೆ ಅದರ ಸಾರಜನಕವನ್ನು ನೀರಲ್ಲಿ ಕರಗಿ ಹೋಗುವ ನೈಟ್ರೇಟ್ ಮಾಡುವ ಜಾತಿಗಳಿಗೆ ಹಬ್ಬ. ಆ ಕೆಲಸದಲ್ಲೇ ಮಣ್ಣು ಹುಳಿಯಾಗುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣು ಮಳೆಗೆ ತೊಳೆದು ಮೊದಲೇ ಹುಳಿ. ನೈಟ್ರೇಟ್ ಆಷಾಢದ ಮಳೆಗೆ ಬಸಿಗಾಲುವೆ ಸೇರುತ್ತದೆ. ನೀರು ನಿಂತಲ್ಲಿ ಬೇರೆ ಬ್ಯಾಕ್ಟೀರಿಯಾ ಅದನ್ನು ನೈಟ್ರಸ್ ಆಕ್ಸೈಡ್ ಮಾಡಿ ಗಾಳಿಗೆ ಬಿಡುತ್ತವೆ. ತೂಕಕ್ಕೆ ತೂಕ ನೋಡಿದರೆ ಅದು ಭೂಮಿ ಬಿಸಿ ಮಾಡುವುದು ಕಾರ್ಬನ್ ಡೈಆಕ್ಸೈಡ್‌ನ ಸುಮಾರು 270 ಪಟ್ಟು. ದುಡ್ಡು ಕೊಟ್ಟು ತಂದ ಗೊಬ್ಬರ ಸುಮ್ನೆ ಹೋಯಿತು. ಗದ್ದೆಯಲ್ಲಿ ಉದ್ದು, ಅಲಸಂದೆ ಹಾಕುವವರೂ ಗಮನಿಸಿ: ಯೂರಿಯಾ ಜಾಸ್ತಿಯಾದರೆ, ಗಾಳಿಯ ಸಾರಜನಕ ಹಿಡಿದುಕೊಡುವ ಬ್ಯಾಕ್ಟೀರಿಯಾ ಇರುವ ಬೇರಿನ ಗಂಟು ಕಮ್ಮಿಯಾಗುತ್ತವೆ.

ಫಸಲು ಬಿಡುವ ಅಡಿಕೆ ಮರಕ್ಕೆ ವರ್ಷಕ್ಕೆ ಸಾರಜನಕ 100, ರಂಜಕ 40, ಪೊಟ್ಯಾಷ್ 140 ಗ್ರಾಂ ಶಿಫಾರಸು. ಯೂರಿಯಾದಲ್ಲಿ ಸಾರಜನಕ ಶೇ. 46, ಅಂದರೆ ಬರೀ ಯೂರಿಯಾದಿಂದಲೇ ಕೊಟ್ಟರೂ ಸುಮಾರು 220 ಗ್ರಾಂ ಸಾಕು. ಅದನ್ನೂ ಎರಡು ಕಂತು ಮಾಡಿ, ದೊಡ್ಡ ಮಳೆಗೆ ಮುಂಚೆ ಒಂದು, ಮಳೆ ಇಳಿದ ಮೇಲೆ ಒಂದು. ಜೊತೆಗೆ ಹಸಿ ಸೊಪ್ಪು 12 ಕೆಜಿ, ಕೊಟ್ಟಿಗೆ ಗೊಬ್ಬರ 12 ಕೆಜಿ. ಬರೀ ಒಣ ದರಗು ಬುಡಕ್ಕೆ ಹೂಳಿದರೆ ಅದು ಕೊಳೆಯುವಾಗಲೂ ಸಾರಜನಕ ಎಳೆದುಕೊಳ್ಳುತ್ತದೆ. ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಲ ಕೂಡಿ ಕೊಳೆತ ಮೇಲೆ ಹಾಕಿ. ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಇದೇ.

ಬಾಟಲಿಯ ಜೀವಾಣು ಗೊಬ್ಬರಕ್ಕೆ ದುಡ್ಡು ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಪಿಎಚ್ (ಹುಳಿಯ ಅಳತೆ, ಕಮ್ಮಿಯಾದಷ್ಟೂ ಹುಳಿ ಜಾಸ್ತಿ) 5.5ಕ್ಕಿಂತ ಕೆಳಗಿದ್ದರೆ ಮೊದಲು ಸುಣ್ಣ ಅಥವಾ ಡೋಲೋಮೈಟ್. ಸುಣ್ಣಕ್ಕೂ ಯೂರಿಯಾಕ್ಕೂ ಎರಡು ಮೂರು ವಾರ ಅಂತರ ಇರಲಿ, ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.